ನೀರು ಕಾಯುವವರ ಮನೆ

ವಾಸ್ತುಶಿಲ್ಪವೆಂದೊಡನೆ ದೇವಾಲಯ, ಅರಮನೆಗಳು ನಮ್ಮ ಕಣ್ಮುಂದೆ ನಿಲ್ಲುತ್ತವೆ. ನೀರು ಕಾಯುವವನ ಮನೆಗೂ ಒಂದು ವಾಸ್ತುವಿದೆಯೆಂಬುದು ವಿದ್ಯಾರ್ಥಿಗಳಿಗಿರಲಿ, ಅಧ್ಯಾಪಕರಾದ ನಮಗೂ ಹೊಳೆಯುವುದು ಅಪರೂಪ.

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಕಾಲುವೆಯ ಕೆಲಸ 1793ರಲ್ಲಿ ಆರಂಭವಾಗಿ 1816ರಲ್ಲಿ ಮುಗಿಯಿತು. ಅದರ ದಂಡೆಯಲ್ಲಿ ಕಾವಲುಗಾರರಿಗಾಗಿ ಕಟ್ಟಿದ ಕೆಲವು ಪುಟ್ಟ ಮನೆಗಳ ಮಾಡು, ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿದಂತಿದೆ. ಸೇತುವೆಯ ಕಮಾನು ಕಟ್ಟಿ ನುರಿತವರು ಅದೇ ವಿದ್ಯೆಯಿಂದ ಮನೆಯನ್ನೂ ಮುಚ್ಚಿದರೆಂದು ಬಲ್ಲವರು ಹೇಳುತ್ತಾರೆ. ನೀರಿನ ಕೆಲಸವೇ ಮನೆಗೆ ಆಕಾರವಿತ್ತಿತು.

ಈ ಮಾತನ್ನು ನೆನಪಿನಲ್ಲಿಟ್ಟು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ನೋಡೋಣ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ನೀರನ್ನು ಹಂಚಲು ನೀರುಗಂಟಿಯಿದ್ದನು. ಇಲ್ಲಿಯ ತೋಡುಗಳಿಗಾದರೋ ಬೇಸಾಯಗಾರರೇ ಕಾವಲು. ಮಳೆಗಾಲದ ಏಣೆಲು ಬೆಳೆ ಮುಗಿದೊಡನೆ, ಸುಗ್ಗಿ ಮತ್ತು ಕೊಳಕೆ ಬೆಳೆಗಳಿಗಾಗಿ ಮಣ್ಣು, ಕಲ್ಲು, ಮರಗಳಿಂದ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಮರುವರ್ಷದ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು.

ಅವರ ಮನೆ ಬೈಲುಗದ್ದೆಯಿಂದ ತುಸು ಮೇಲೆ, ನೀರು ಕಣ್ಣಿಗೆ ಬೀಳುವಂತೆ, ಆದರೆ ನೆರೆ ಮುಟ್ಟದಂತೆ ಇರುತ್ತಿತ್ತು. 1923 ಮತ್ತು 1974ರ ನೇತ್ರಾವತಿಯ ನೆರೆಗಳನ್ನು ಬಲ್ಲ ಬಂಟ್ವಾಳಕ್ಕೆ ಈ ಎಚ್ಚರದ ಬೆಲೆಯನ್ನು ಹೇಳಬೇಕಾಗಿಲ್ಲ. ಅಗೆಯುವಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಮುರಕಲ್ಲಿನಿಂದಲೋ ಮಣ್ಣಿನಿಂದಲೋ ಗೋಡೆ. ಸುತ್ತ ಎತ್ತರದ ಜಗಲಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಸುರಿಯುವ ಮಳೆಯ ಎರಚಲು ಗೋಡೆಗೆ ತಾಗದಂತೆ ಕೆಳಗಿಳಿದ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಜಾಗಕ್ಕೆ ಕ್ರಮೇಣ ಹಂಚು ಬಂದಿತು. ಹೊದಿಕೆ ಬದಲಾಯಿತೇ ಹೊರತು ಇಳಿಜಾರಿನ ತತ್ತ್ವ ಬದಲಾಗಲಿಲ್ಲ. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಇಳಿಜಾರು ಕಲ್ಲುಮಾಡೂ ಇದೇ ಮಳೆಗೆ ತಲೆಬಾಗಿದೆ. ಬಸದಿಗೂ ಬಡವನ ಮನೆಗೂ ಗುರು ಒಂದೇ.

ಬಸದಿಯನ್ನು ಕಾಯಲು ಜನರಿದ್ದಾರೆ, ಕಾನೂನಿದೆ. ತೋಡಿನ ಬದಿಯ ಮನೆಗೆ ಯಾರಿದ್ದಾರೆ? ಹಲವೆಡೆ ಮಣ್ಣಿನ ಕಟ್ಟದ ಬದಲು ಕಿಂಡಿ ಅಣೆಕಟ್ಟು ಬಂದಿದೆ. ಹಂಚಿನ ಮಾಡಿನ ಬದಲು ಕಾಂಕ್ರೀಟು ಬಂದಿದೆ. ಅನುಕೂಲವನ್ನು ಬೇಡವೆನ್ನುವುದು ಸಲ್ಲದು. ಆದರೆ ಮನೆ ಬಿದ್ದಾಗ ಪಕ್ಕಾಸು, ರೀಪು, ಮುಚ್ಚಿಗೆ ಎಂಬ ಮಾತುಗಳೂ ಅದರೊಡನೆ ಬೀಳುತ್ತವೆ. ಭಾಷೆಯನ್ನು ಕಲಿಸುವ ನನಗೆ ಈ ನಷ್ಟ ಹೆಚ್ಚು ನೋವು ತರುತ್ತದೆ.

ಆದುದರಿಂದ ಮುಂದಿನ ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಹಳೆಯ ಮನೆಯನ್ನು ಅಳೆದು, ಅದರ ಒಂದೊಂದು ಅಂಗದ ಹೆಸರನ್ನೂ ಮನೆಯ ಹಿರಿಯರಿಂದ ಕೇಳಿ ಬರೆದು ತರಲಿ. ದಾನಿಗಳು ಅದಕ್ಕೊಂದು ಕಪಾಟನ್ನು ಒದಗಿಸಿದರೆ ಸಾಕು. ಅದೂ ಒಂದು ಕಟ್ಟವೇ.