ನೆಟ್ ಬರ್ತಿಲ್ಲ ಸರ್

ದಾವಣಗೆರೆಯ ಲೆಕ್ಕಪರಿಶೋಧಕರು, ವಕೀಲರು, ಮಂಡಿಯವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಬರುವ ಫೋನುಗಳಲ್ಲಿ ಮುಕ್ಕಾಲುಪಾಲು ಶುರುವಾಗುವುದು ಮೇಲಿನ ಮೂರು ಪದಗಳಿಂದಲೇ. ಅವುಗಳಿಂದ ಕಲಿತ ಪಾಠಗಳು ಇಲ್ಲಿವೆ.

1. ಮೊದಲು ಕೇಳಬೇಕಾದ್ದು "ನಿನ್ನೆ ಏನು ಮಾಡಿದ್ರಿ?" ಅಂತ. "ಏನೂ ಮುಟ್ಟಿಲ್ಲ ಸರ್" ಎಂಬ ಉತ್ತರ ಬಂದೇ ಬರುತ್ತದೆ. ನಂಬಬಾರದು. ಒಂದು ವರ್ಷ ಆಯುಧಪೂಜೆ ಮುಗಿಸಿ ಬಾಗಿಲು ತೆಗೆದ ದಿನ ಒಂದು ಆಫೀಸಿನ ಹನ್ನೆರಡೂ ಕಂಪ್ಯೂಟರು ಒಟ್ಟಿಗೆ ಮಲಗಿದ್ದವು. ರೂಟರ್ ಬದಲಿಸಿದೆ, ಲೈನಿನವರಿಗೆ ಬೈದೆ, ಮಧ್ಯಾಹ್ನದವರೆಗೂ ಸೆಟ್ಟಿಂಗುಗಳನ್ನು ಕೆದಕಿದೆ. ಊಟದ ಹೊತ್ತಿಗೆ ಅಟೆಂಡರ್ ಅಂದ: "ಪೂಜೆಗೆ ಅಂತ ಎಲ್ಲಾ ಒರೆಸಿಟ್ಟೆ ಸರ್. ಒಂದು ವೈರ್ ಸುಮ್ನೆ ನೇತಾಡ್ತಿತ್ತು, ಖಾಲಿ ತೂತಿಗೆ ಹಾಕ್ದೆ." ಆ ಕೇಬಲ್ಲಿನ ಎರಡು ತುದಿಯೂ ಒಂದೇ ಸ್ವಿಚ್ಚಿನಲ್ಲಿದ್ದವು! ಅಗ್ಗದ ಸ್ವಿಚ್ಚಿಗೆ ಇಂಥ ಸುತ್ತು ಗೊತ್ತಾಗುವುದಿಲ್ಲ. "ಈ ವಿಳಾಸ ಯಾರದು?" ಎಂದು ಒಂದು ಕಂಪ್ಯೂಟರ್ ಕೂಗಿದ್ದು ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ, ಬೇರೆ ಮಾತಿಗೆ ಜಾಗವೇ ಉಳಿಯುವುದಿಲ್ಲ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿಣುಕುತ್ತಿದ್ದರೆ ಕೇಬಲ್ಲುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ದೀಪಗಳು ತಣ್ಣಗಾಗುತ್ತವೋ ಅದೇ ಕಳ್ಳ.

2. ದೀಪವೇ ಇಲ್ಲದಿದ್ದರೆ ಪರದೆಯ ಮುಂದೆ ಕೂರಬೇಡಿ, ಮೇಜಿನ ಕೆಳಗೆ ಬಗ್ಗಿ. ಕ್ಲಿಪ್ ಮುರಿದ ಕನೆಕ್ಟರ್, ಇಲಿ ಕಡಿದ ವೈರು, ಕುರ್ಚಿಯ ಚಕ್ರಕ್ಕೆ ಸಿಕ್ಕ ಕೇಬಲ್ಲು, ಇವುಗಳಲ್ಲಿ ಒಂದು ಸಿಗುತ್ತದೆ.

3. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂದು ಹೊಡೆದಾಗ ಐಪಿ ವಿಳಾಸ 169.254 ಎಂದು ಶುರುವಾದರೆ, ವಿಳಾಸ ಹಂಚುವ ರೂಟರ್ ಕೈಗೆ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಅದಕ್ಕೆ ಬಲವಂತವಾಗಿ ಬೇರೆ ವಿಳಾಸ ತುಂಬಿಸುವ ಆಸೆ ನನಗೂ ಬರುತ್ತಿತ್ತು. ಅದರ ಫಲ ಮುಂದಿನ ಪಾಠದಲ್ಲಿದೆ.

4. ಇದು ನನ್ನದೇ ತಪ್ಪು. ಅವಸರದಲ್ಲಿ ಪ್ರಿಂಟರಿಗೆ ಕೈಯಾರೆ 192.168.1.50 ಕೊಟ್ಟು ಬಂದಿದ್ದೆ. ರೂಟರ್ ತಾನಾಗಿ ಹಂಚುವ ಸಾಲಿನಲ್ಲೂ ಆ ಸಂಖ್ಯೆ ಇತ್ತು. ಕೆಲವು ವಾರಗಳ ಮೇಲೆ ಅದು ಯಾರದೋ ಲ್ಯಾಪ್‌ಟಾಪಿಗೆ ಹೋಯಿತು. ಆ ಲ್ಯಾಪ್‌ಟಾಪ್ ಬಂದ ದಿನ ಪ್ರಿಂಟ್ ಇಲ್ಲ, ಬಾರದ ದಿನ ಎಲ್ಲ ಸರಿ. ದೆವ್ವ ಹಿಡಿದಿದೆ ಎಂದು ಆಫೀಸಿನವರು ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಈಗ ಕೈಯಾರೆ ಕೊಡುವ ಸಂಖ್ಯೆಗಳನ್ನೆಲ್ಲ ಹಂಚುವ ಸಾಲಿನಿಂದ ಹೊರಗಿಡುತ್ತೇನೆ, ಒಂದು ಚೀಟಿಯಲ್ಲಿ ಬರೆದು ಸ್ವಿಚ್ಚಿನ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸುತ್ತೇನೆ.

5. ಉತ್ತರ ಬರುತ್ತದೆಯೇ ಎಂದು ಪಿಂಗ್ ಮಾಡಿ ನೋಡುವಾಗ ಮನೆಯಿಂದ ಹೊರಕ್ಕೆ ನಡೆಯಿರಿ: ಮೊದಲು ರೂಟರ್, ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ 8.8.8.8, ಕೊನೆಗೆ ಒಂದು ವೆಬ್‌ಸೈಟಿನ ಹೆಸರು. 8.8.8.8 ಉತ್ತರ ಕೊಟ್ಟು ಹೆಸರು ಮಾತ್ರ ಸಿಗದಿದ್ದರೆ ದಾರಿ ಸರಿಯಿದೆ, ಹೆಸರನ್ನು ಸಂಖ್ಯೆಯಾಗಿಸುವ ಡಿಎನ್‌ಎಸ್ ಕೆಟ್ಟಿದೆ. ಎಲ್ಲಕ್ಕೂ ಉತ್ತರ ಬಂದು ಬ್ರೌಸರ್ ಮಾತ್ರ ಮುನಿಸಿಕೊಂಡಿದ್ದರೆ ಪ್ರಾಕ್ಸಿ ಸೆಟ್ಟಿಂಗ್ ನೋಡಿ.

6. "ನೆಟ್‌ವರ್ಕ್ ರೀಸೆಟ್" ಗುಂಡಿಯ ಹತ್ತಿರ ಸುಲಭಕ್ಕೆ ಹೋಗಬೇಡಿ. ಅದು ಕೈಯಾರೆ ಹಾಕಿದ ವಿಳಾಸಗಳನ್ನೆಲ್ಲ ಗುಡಿಸಿ ಹಾಕುತ್ತದೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಿಯೂ ಬರಬಹುದು. ಒತ್ತಲೇಬೇಕಾದರೆ ಹಳೆಯ ಸೆಟ್ಟಿಂಗುಗಳ ಫೋಟೊ ಮೊಬೈಲಿನಲ್ಲಿರಲಿ.

7. ಒಬ್ಬ ಅಕೌಂಟೆಂಟ್ ಮೇಡಂ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದರು: ಬ್ಯಾಂಕಿನ ಸೈಟು ತೆರೆಯುತ್ತಿಲ್ಲ, ಸುರಕ್ಷಿತವಲ್ಲ ಅನ್ನುತ್ತಿದೆ. ನೆಟ್ ಸರಿಯಾಗಿಯೇ ಇತ್ತು. ಭಾನುವಾರ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಿದ್ದರು, ಮದರ್‌ಬೋರ್ಡಿನ ಸೆಲ್ ಸತ್ತಿತ್ತು, ಕಂಪ್ಯೂಟರಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತಿತ್ತು. ಸೈಟಿನ ಪ್ರಮಾಣಪತ್ರದ ಅವಧಿ ಆ ತಾರೀಖಿಗೆ ಇನ್ನೂ ಶುರುವೇ ಆಗಿರುವುದಿಲ್ಲವಲ್ಲ! ಸಿಆರ್2032 ಸೆಲ್ ಹಾಕಿ ಗಡಿಯಾರ ಸರಿಮಾಡಿದೆ. "ಬರೀ ಸೆಲ್ಲಾ? ಅದಕ್ಕೂ ವಿಸಿಟಿಂಗ್ ಚಾರ್ಜ್ ಇದೆಯಾ?" ಎಂದರು ಮೇಡಂ.