ಶೌಚಾಲಯದ ಕೊಳವೆಯ ಸ್ಥಳಾಂತರ: ಕೆಲಸದ ಗುಣವನ್ನು ಅರಿಯುವ ಬಗೆ

ಕಟ್ಟಡವೊಂದರ ಚೆಲುವನ್ನು ನಾವು ಅದರ ಮುಂಬಾಗಿಲಿನಲ್ಲಿ ಕಾಣುತ್ತೇವೆ. ಅದರ ಆರೋಗ್ಯವಾದರೋ ನೆಲದಡಿಯ ಕೊಳವೆಗಳಲ್ಲಿ ಅಡಗಿದೆ. ವಿದ್ಯಾರ್ಥಿನಿಲಯಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ಶೌಚಾಲಯವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸರಿಸುವ ಸಂದರ್ಭಗಳುಂಟು. ಆಗ ಮಲದ ಕೊಳವೆಯನ್ನೂ ಸರಿಸಬೇಕಾಗುತ್ತದೆ. ಈ ಕೆಲಸ ಕೆಟ್ಟರೆ ಆಗುವುದು ಹಣದ ನಷ್ಟವೊಂದೇ ಅಲ್ಲ. ಸೋರಿದ ಮಲಿನಜಲವು ಬಾವಿಯನ್ನೋ ನೀರಿನ ತೊಟ್ಟಿಯನ್ನೋ ಸೇರಿದರೆ ವಿಷಮಶೀತಜ್ವರ, ಕಾಲರಾ, ಕಾಮಾಲೆಗಳು ಮಕ್ಕಳನ್ನು ಬಾಧಿಸಬಲ್ಲವು. ಆದುದರಿಂದ ಕೆಲಸ ಮಾಡಿಸುವವರಿಗೂ ಅದರ ತತ್ತ್ವ ತಿಳಿದಿರುವುದು ಅವಶ್ಯ.

ಮೊದಲನೆಯದು ಇಳಿಜಾರು, ಗಾರೆಯವರ ಮಾತಿನಲ್ಲಿ ವಾಟ. ಮಲದ ಕೊಳವೆಯ ವ್ಯಾಸ ಸಾಮಾನ್ಯವಾಗಿ 100 ಮಿ.ಮೀ. ಇದಕ್ಕೆ 40 ಅಡಿಗೆ 1 ಅಡಿಯಂತೆ ವಾಟ ಕೊಡುವುದು ರೂಢಿ. ಎಂದರೆ, ಕೊಳವೆ 4 ಮೀಟರ್ ಸಾಗುವಷ್ಟರಲ್ಲಿ 10 ಸೆಂ.ಮೀ. ಇಳಿಯಬೇಕು. ಅಷ್ಟು ಆಳ ದೊರೆಯದಿದ್ದರೆ ಶೌಚಾಲಯದ ನೆಲವನ್ನು ಎತ್ತರಿಸಬೇಕು. ಅದೂ ಆಗದಿದ್ದರೆ ಸ್ಥಳಾಂತರದ ವಿಚಾರವನ್ನೇ ಕೈಬಿಡುವುದು ಲೇಸು.

ಎರಡನೆಯದು ತಿರುವು. 90 ಡಿಗ್ರಿಯ ಒಂದೇ ತಿರುವಿನಲ್ಲಿ ಮಲ ತಡೆದು ನಿಲ್ಲುತ್ತದೆ. 45 ಡಿಗ್ರಿಯ ಎರಡು ತಿರುವುಗಳಲ್ಲಿ ಸರಾಗವಾಗಿ ಹರಿಯುತ್ತದೆ. ಹೊಸ ಕೊಳವೆಯು ಹಳೆಯದನ್ನು ನೇರವಾಗಿ ಇರಿಯದೆ, ಪ್ರವಾಹದ ದಿಕ್ಕಿಗೆ ಓರೆಯಾಗಿ ಕೂಡಬೇಕು. ದಿಕ್ಕು ಬದಲಾಗುವಲ್ಲಿ ಶುದ್ಧಿಗೊಳಿಸಲು ಮುಚ್ಚಳವೋ ಚೇಂಬರೋ ಇರಬೇಕು. ಕೈಬಿಟ್ಟ ಹಳೆಯ ಬಾಯಿಯನ್ನು ಭದ್ರವಾಗಿ ಮುಚ್ಚಬೇಕು.

ಮೂರನೆಯದು ಟ್ರ್ಯಾಪು ಮತ್ತು ಗಾಳಿಕೊಳವೆ. ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕನು 1775ರಲ್ಲಿ ಹಕ್ಕುಪತ್ರ ಪಡೆದ ಶೌಚಪಾತ್ರೆಯಲ್ಲಿ ಬಾಗಿದ ಕೊಳವೆಯಿತ್ತು. ಆ ಬಾಗಿನಲ್ಲಿ ನಿಂತ ನೀರೇ ದುರ್ವಾಸನೆಗೆ ಬೀಗ. ಇಂದು ಈ ನೀರಿನ ತಡೆ 50 ಮಿ.ಮೀ.ಗೆ ಕಡಿಮೆಯಿರಬಾರದೆನ್ನುತ್ತಾರೆ. ಗಾಳಿಗೆ ದಾರಿಯಿಲ್ಲದಿದ್ದರೆ ಹರಿಯುವ ನೀರು ಈ ಬೀಗದ ನೀರನ್ನೂ ಸೆಳೆದೊಯ್ಯುತ್ತದೆ. ಒಂದೆಡೆ ನೀರು ಸುರಿದಾಗ ಪಕ್ಕದ ಪಾತ್ರೆಯಲ್ಲಿ ಗುಳುಗುಳು ಸದ್ದಾದರೆ ಗಾಳಿಕೊಳವೆಯನ್ನು ಪರೀಕ್ಷಿಸಬೇಕು.

ಇನ್ನು ಕೆಲಸದ ಪರೀಕ್ಷೆ. ಹೊಳೆಯುವ ಟೈಲುಗಳನ್ನು ಕಂಡು ಮೆಚ್ಚುವುದು ಪರೀಕ್ಷೆಯಲ್ಲ. ಮಣ್ಣು, ಗಾರೆ ಮುಚ್ಚುವ ಮುನ್ನವೇ ನೋಡಬೇಕು. ಪಿ.ವಿ.ಸಿ. ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದ್ದರೆ ಅದನ್ನು ಒಪ್ಪಬಾರದು. ಕೊಳವೆಯ ಉದ್ದಕ್ಕೂ ಆಧಾರವಿರಬೇಕು, ನಡುವೆ ಜೋತುಬಿದ್ದಿರಬಾರದು. ಅಂಟು ಒಣಗಿದ ಮೇಲೆ ಕೆಳತುದಿಯನ್ನು ಮುಚ್ಚಿ, ನೀರು ತುಂಬಿಸಿ, ಪ್ರತಿಯೊಂದು ಕೂಡಿಕೆಯನ್ನೂ ಒಣಗೈಯಿಂದ ಮುಟ್ಟಿ ನೋಡಬೇಕು. ನೀರಿನ ಮಟ್ಟ ಇಳಿಯದಿದ್ದರೆ, ಕೈ ತೇವವಾಗದಿದ್ದರೆ ಕೂಡಿಕೆ ಗಟ್ಟಿ.

ಆದರೆ ನ್ಯಾಯವೂ ಬೇಕು. ನೆಲವೆತ್ತರಿಸಲು ಒಪ್ಪದ ಯಜಮಾನನು ವಾಟ ಸಾಲದೆಂದು ಪ್ಲಂಬರನನ್ನು ದೂರುವುದು ಸಲ್ಲ. ಆಗದ ಕೆಲಸವನ್ನು ಆಗದೆಂದು ಮೊದಲೇ ಹೇಳುವ ಕೆಲಸಗಾರನೇ ನಂಬಿಕೆಗೆ ಅರ್ಹನು. ಮುಚ್ಚಿಹೋಗುವ ಕೆಲಸವನ್ನೂ ಕಾಣುವ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಿದವನಿಗೆ ತಕ್ಕ ಕೂಲಿಯನ್ನೂ ಗೌರವವನ್ನೂ ಸಲ್ಲಿಸುವುದು ಮಾಡಿಸಿದವರ ಕರ್ತವ್ಯ.