ಒಂದೇ ಪೆಟ್ಟಿಗೆ, ಎರಡು ಯಂತ್ರ: ಲಿನಕ್ಸ್‌ನಲ್ಲಿ ಪ್ರಿಂಟರ್, ಸ್ಕ್ಯಾನರ್ ಜೋಡಿಸುವ ಬಗೆ

ಮಲೆನಾಡಿನಲ್ಲಿ, ಶೃಂಗೇರಿ ಬಳಿಯ ಕಿಗ್ಗದ ಆಸುಪಾಸಿನ ಒಂಟಿ ಮನೆಗಳಿಗೆ ಜೆರಾಕ್ಸ್ ಅಂಗಡಿ ಕೂಗಳತೆಯಲ್ಲಿ ಇರುವುದಿಲ್ಲ. ಬೆಳೆ ಪರಿಹಾರದ ಅರ್ಜಿಗೋ ಸೊಸೈಟಿ ಸಾಲಕ್ಕೋ ಪಹಣಿ, ಆಧಾರ್ ಪ್ರತಿ ಬೇಕಾದರೆ ಜಡಿಮಳೆಯಲ್ಲೂ ಹೊರಡಲೇಬೇಕು. ಮನೆಯಲ್ಲಿ ಒಂದು ಆಲ್ ಇನ್ ಒನ್ ಪ್ರಿಂಟರ್ ಇದ್ದರೆ ಈ ಓಡಾಟದ ಬಹುಪಾಲು ತಪ್ಪುತ್ತದೆ. ಅದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಎರಡೂ ವಿಂಡೋಸ್ ಬದಲು ಬಳಸುವ ಲಿನಕ್ಸ್ ವ್ಯವಸ್ಥೆಗಳು, ಉಚಿತ. ಇದು ಎಂಜಿನಿಯರುಗಳಿಗಷ್ಟೇ ಎಂಬ ಅಳುಕು ಬೇಡ. ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸ್‌ನಲ್ಲಿ.

ಕೈಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಪೆಟ್ಟಿಗೆ ಒಂದೇ ಆದರೂ ಲಿನಕ್ಸ್‌ನ ಲೆಕ್ಕದಲ್ಲಿ ಅದರೊಳಗಿರುವುದು ಎರಡು ಯಂತ್ರ. ಮುದ್ರಣ ನೋಡಿಕೊಳ್ಳುವುದು 'ಕಪ್ಸ್' ಎಂಬ ತಂತ್ರಾಂಶ, ಸ್ಕ್ಯಾನಿಂಗ್ ನೋಡಿಕೊಳ್ಳುವುದು 'ಸೇನ್'. ಪ್ರಿಂಟ್ ಬಂದ ಮಾತ್ರಕ್ಕೆ ಸ್ಕ್ಯಾನ್ ಬರಬೇಕೆಂದಿಲ್ಲ. ಪ್ರಿಂಟ್ ಬಂತು, ಸ್ಕ್ಯಾನ್ ಆಗುತ್ತಿಲ್ಲ, ಯಂತ್ರವೇ ಕೆಟ್ಟಿದೆ ಎಂದುಕೊಂಡು ಕೈಬಿಡುವವರು ಎಡವುವುದು ಇಲ್ಲೇ. ಎರಡನ್ನೂ ಬೇರೆಬೇರೆಯಾಗಿ ಜೋಡಿಸಿ, ಬೇರೆಬೇರೆಯಾಗಿ ಪರೀಕ್ಷಿಸಿ.

ಕೊಳ್ಳುವಾಗ

ಡಬ್ಬದ ಮೇಲೆ 'ಏರ್‌ಪ್ರಿಂಟ್' ಎಂಬ ಗುರುತು ಹುಡುಕಿ. ಆಪಲ್ 2010ರಲ್ಲಿ ತಂದ ವ್ಯವಸ್ಥೆ ಇದು. ಇದನ್ನು ಪಾಲಿಸುವ ಯಂತ್ರಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಇಲ್ಲದೆಯೇ ಮುದ್ರಿಸುತ್ತವೆ, ಹೆಚ್ಚಿನವು ಸ್ಕ್ಯಾನ್ ಕೂಡ ಮಾಡುತ್ತವೆ.

ಮಲೆನಾಡಿಗೆ ಇಂಕ್ ಟ್ಯಾಂಕ್ ಒಳ್ಳೆಯದೋ ಲೇಸರ್ ಒಳ್ಳೆಯದೋ? ಪದೇಪದೇ ಕರೆಂಟು ಹೋಗುವ ಮನೆಗೆ ನನ್ನ ಮತ ಇಂಕ್ ಟ್ಯಾಂಕ್‌ಗೆ. ಲೇಸರ್ ಪ್ರಿಂಟರ್ ಪುಡಿಯನ್ನು ಬಿಸಿಯಿಂದ ಕರಗಿಸಿ ಕಾಗದಕ್ಕೆ ಅಂಟಿಸುವಾಗ ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೆ ಅದನ್ನು ಹಾಕಲೇಬಾರದು. ಇಂಕ್ ಟ್ಯಾಂಕ್‌ಗೆ ಬೇಕಾದ ವಿದ್ಯುತ್ ಬಹಳ ಕಡಿಮೆ, ಮನೆಯ ಇನ್ವರ್ಟರ್ ಸಾಕು. ಆದರೆ ವಾರಕ್ಕೊಂದು ಬಣ್ಣದ ಪುಟ ತೆಗೆಯದಿದ್ದರೆ ಶಾಯಿ ಒಣಗಿ ನಳಿಕೆ ಕಟ್ಟಿಕೊಳ್ಳಬಹುದು.

ಇನ್ನೊಂದು: ಹಳೆಯ ಕ್ರಯಪತ್ರ, ವಿಭಾಗಪತ್ರಗಳು ಸಾಮಾನ್ಯವಾಗಿ ಎ4ಗಿಂತ ಉದ್ದವಾದ ಲೀಗಲ್ ಅಳತೆಯವು. ಸಾಮಾನ್ಯ ಸ್ಕ್ಯಾನರಿನ ಗಾಜು ಎ4 ಅಷ್ಟೇ. ಅಂಥ ಕಾಗದ ಹೆಚ್ಚಿದ್ದರೆ, ಮೇಲಿನಿಂದ ಹಾಳೆ ತಾನೇ ಎಳೆದುಕೊಳ್ಳುವ ಫೀಡರ್ ಇರುವ ಮಾದರಿ ನೋಡಿ. ಜೀರ್ಣವಾದ ಹಾಳೆಯನ್ನು ಮಾತ್ರ ಫೀಡರಿಗೆ ಕೊಡಬೇಡಿ, ಹರಿದೀತು. ಗಾಜಿನ ಮೇಲಿಟ್ಟು ಎರಡು ಸಲಕ್ಕೆ ತೆಗೆಯಿರಿ.

ಮೊದಲು ಪ್ರಿಂಟರ್

ನೆಟ್‌ವರ್ಕ್ ಸರಿಯಿರುವ ದಿನ ಲಿನಕ್ಸನ್ನು ಪೂರ್ತಿ ಅಪ್‌ಡೇಟ್ ಮಾಡಿಕೊಳ್ಳಿ. ಪ್ರಿಂಟರಿನ ಪರದೆಯಿಂದಲೇ ಅದನ್ನು ಮನೆಯ ವೈಫೈಗೆ ಸೇರಿಸಿ. ಕಂಪ್ಯೂಟರ್ ಕೂಡ ಅದೇ ವೈಫೈಯಲ್ಲಿರಲಿ. ಮಳೆಗೆ ಇಂಟರ್ನೆಟ್ ಹೋದರೂ ರೂಟರಿಗೆ ಕರೆಂಟು ಇದ್ದರೆ ಮುದ್ರಣ ನಿಲ್ಲುವುದಿಲ್ಲ.

ಈಗ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ತೆರೆಯಿರಿ. ಎಷ್ಟೋ ಸಲ ಯಂತ್ರದ ಹೆಸರು ತಾನಾಗಿಯೇ ಬಂದಿರುತ್ತದೆ. ಇಲ್ಲದಿದ್ದರೆ 'ಆ್ಯಡ್' ಒತ್ತಿ. ಒಂದೇ ಯಂತ್ರ ಎರಡು ಹೆಸರಲ್ಲಿ ಕಂಡರೆ 'ಡ್ರೈವರ್‌ಲೆಸ್' ಎಂದಿರುವುದನ್ನು ಆರಿಸಿ. ಕಾಗದದ ಅಳತೆ 'ಲೆಟರ್' ಎಂದಿದ್ದರೆ ಎ4ಗೆ ಬದಲಿಸಿ, ಟೆಸ್ಟ್ ಪೇಜ್ ತೆಗೆಯಿರಿ. ವೈಫೈ ಇಲ್ಲವೇ? ಯುಎಸ್‌ಬಿ ತಂತಿ ಸಾಕು. ಉಬುಂಟು, ಮಿಂಟ್‌ಗಳಿಗೆ ಬುನಾದಿಯಾದ ಡೆಬಿಯನ್ ಲಿನಕ್ಸ್‌ನಲ್ಲಿ, 2021ರಲ್ಲಿ ಬಂದ 11ನೇ ಆವೃತ್ತಿಯಿಂದ ಈಚೆಗೆ, 'ಐಪಿಪಿ-ಯುಎಸ್‌ಬಿ' ಎಂಬ ಪ್ಯಾಕೇಜು ತಂತಿಯ ಮೂಲಕವೂ ಡ್ರೈವರ್ ಇಲ್ಲದೆ ಕೆಲಸ ಮಾಡಿಸುತ್ತದೆ.

ಹಳೆಯ ಯಂತ್ರವಾದರೆ ಕಂಪನಿಯ ಡ್ರೈವರ್ ಬೇಕು. ಎಚ್‌ಪಿಗೆ 'ಎಚ್‌ಪಿಲಿಪ್' ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತದೆ. ಕೆಲವು ಮಾದರಿಗಳು ಅದರ ಜೊತೆ ಒಂದು ಪ್ಲಗಿನ್ ಕೇಳುತ್ತವೆ. ಪ್ಲಗಿನ್ನಿನ ಆವೃತ್ತಿ ಎಚ್‌ಪಿಲಿಪ್‌ನ ಆವೃತ್ತಿಗೆ ಸರಿಹೊಂದಬೇಕು. ಬ್ರದರ್ ಕಂಪನಿ ತನ್ನ ತಾಣದಲ್ಲಿ ಪ್ರಿಂಟರಿಗೊಂದು, ಸ್ಕ್ಯಾನರಿಗೊಂದು ಡ್ರೈವರ್ ಇಟ್ಟಿದೆ. ಎರಡನ್ನೂ ಹಾಕಬೇಕು.

ಮುದ್ರಣದ ನಡುವೆ ಕರೆಂಟು ಹೋದರೆ ಕಪ್ಸ್ ಸರದಿಯನ್ನೇ ನಿಲ್ಲಿಸಿಬಿಡುವುದುಂಟು. ಆಮೇಲೆ ಎಷ್ಟು ಸಲ ಪ್ರಿಂಟ್ ಒತ್ತಿದರೂ ಹಾಳೆ ಹೊರಬರುವುದಿಲ್ಲ. ಬ್ರೌಸರಿನ ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, 631 ಎಂದು ಸೇರಿಸಿ. ತೆರೆಯುವ ಪುಟದಲ್ಲಿ ನಿಮ್ಮ ಪ್ರಿಂಟರನ್ನು ಆರಿಸಿ 'ರೆಸ್ಯೂಮ್' ಕೊಡಿ. ಬಾಕಿ ಇದ್ದದ್ದೆಲ್ಲ ಹೊರಬರುತ್ತದೆ.

ಆಮೇಲೆ ಸ್ಕ್ಯಾನರ್

'ಡಾಕ್ಯುಮೆಂಟ್ ಸ್ಕ್ಯಾನರ್' ತೆರೆಯಿರಿ. ಯಂತ್ರ ಕಾಣದಿದ್ದರೆ 'ಸೇನ್-ಏರ್‌ಸ್ಕ್ಯಾನ್' ಎಂಬ ಪ್ಯಾಕೇಜು ಹಾಕಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ. ಬರಹಕ್ಕೆ 300 ಡಿಪಿಐ, ಹಳೆಯ ಫೋಟೋಗೆ 600 ಸಾಕು. ಹಲವು ಹಾಳೆಗಳನ್ನು ಒಂದೇ ಪಿಡಿಎಫ್ ಮಾಡಬಹುದು. ಅರ್ಜಿಯ ಜಾಲತಾಣ ಕಡತ ದೊಡ್ಡದೆಂದು ತಿರಸ್ಕರಿಸಿದರೆ ಡಿಪಿಐ 150ಕ್ಕೆ ಇಳಿಸಿ. ಮೂಲ ಪ್ರತಿಯನ್ನು ಮಾತ್ರ 300ರಲ್ಲೇ ಇಟ್ಟುಕೊಳ್ಳಿ.

'ಟೆಸರಾಕ್ಟ್' ಮತ್ತು ಅದರ ಕನ್ನಡ ಕಡತ ಹಾಕಿಕೊಂಡರೆ ಅಚ್ಚಾದ ಕನ್ನಡ ಪುಟದ ಚಿತ್ರ ತಿದ್ದಬಹುದಾದ ಪಠ್ಯವಾಗುತ್ತದೆ. ಕೈಬರಹಕ್ಕೆ ಇದನ್ನು ನಂಬಬೇಡಿ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿರುವ ಕಡತಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಂಡರೆ ದೋಷ ಪ್ರಿಂಟರಿನದ್ದಲ್ಲ. ಅವನ್ನು ಯುನಿಕೋಡ್‌ಗೆ ಬದಲಿಸಿ, ಇಲ್ಲವೇ ಮೂಲ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತನ್ನಿ.

ಮಳೆಗಾಲದ ಆರೈಕೆ ಸರಳ. ತೇವ ಕುಡಿದ ಹಾಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಡಿ. ಗುಡುಗು ಕೇಳಿಸುವ ಮೊದಲೇ ಪ್ಲಗ್ ಜೊತೆಗೆ ರೂಟರಿನ ತಂತಿಯನ್ನೂ ಕಿತ್ತಿಡಿ. ಗುಡುಗುವಾಗ ತಂತಿ ಮುಟ್ಟಲು ಹೋಗಬೇಡಿ.

ಕೊನೆಗೆ ಹಳೆಯ ಕಾಗದಗಳ ಮಾತು. ಶೃಂಗೇರಿ ಮಠದ ಕಡತಗಳಲ್ಲಿದ್ದ ಟಿಪ್ಪುವಿನ ಪತ್ರಗಳು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದದ್ದು 1916ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಮಠ ಅವನ್ನು ಜೋಪಾನ ಮಾಡಿತ್ತು. ನಮ್ಮ ಅಟ್ಟದ ಮೇಲಿನ ಕಾಗದಗಳಿಗೆ ಅಂಥ ಕಾವಲಿಲ್ಲ, ಗೆದ್ದಲು ಮತ್ತು ಬೂಷ್ಟು ಮಾತ್ರ ಇವೆ. ಸ್ಕ್ಯಾನರ್ ಜೋಡಿಸಿದ ಮೇಲೆ ಮೊದಲು ಜಮೀನಿನ ಪತ್ರಗಳನ್ನು ತೆಗೆದು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಮಾಡಿ ಬೇರೆ ಊರಿನಲ್ಲಿರುವ ಮಕ್ಕಳ ಕೈಗೆ ಕೊಟ್ಟಿಡಿ.